ಬಿಟ್ಟಿ ಚಾಕರಿಯಿಂದ ಸಂಘದ ಕೆಲಸಕ್ಕೆ

ಕೋಲಾರ ಸೀಮೆಯಲ್ಲಿ ಕೂಲಿಯಿಲ್ಲದೆ ಮಾಡುವ ಕೆಲಸಕ್ಕೆ ಎರಡು ಹೆಸರುಗಳಿದ್ದವು. ಊರೊಳಗಿನವನು ಮಾಡಿದರೆ ಅದು ಸೇವೆ. ಕೇರಿಯವನು ಮಾಡಿದರೆ ಅದು ಬಿಟ್ಟಿ. ಸೇವೆ ಮಾಡಿದವನ ಹೆಸರು ಛತ್ರದ ಗೋಡೆ ಮೇಲೆ, ಗುಡಿಯ ಕಂಬದ ಮೇಲೆ, ಶಾಲೆಯ ಶಂಕುಸ್ಥಾಪನೆಯ ಕಲ್ಲಿನ ಮೇಲೆ ಬಂತು. ಬಿಟ್ಟಿ ಮಾಡಿದವನಿಗೆ ಹೆಸರೇ ಬೇಕಾಗಲಿಲ್ಲ. 'ಲೇ ತೋಟಿ' ಅಂದರೆ ಸಾಕು, ಓಡಿಬರಬೇಕಿತ್ತು.

ಎಪ್ಪತ್ತರ ದಶಕದಲ್ಲಿ ಇವೆರಡಕ್ಕೂ ಸೇರದ ಮೂರನೆಯದೊಂದು ನಮ್ಮ ಕೇರಿಗಳಲ್ಲಿ ಹುಟ್ಟಿತು. ಅದು ಸಂಘದ ಕೆಲಸ. ಇದಕ್ಕೂ ಕೂಲಿ ಇಲ್ಲ. ಆದರೆ ಕರೆದವನು ಧಣಿಯಲ್ಲ, ಬಂದವನು ಆಳಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಯಾರು ಮುಂದೆ ನಿಂತರು, ಯಾರು ಹಿಂದೆ ನಿಂತು ಹೊರೆ ಹೊತ್ತರು ಅನ್ನೋದನ್ನು ನಾವೇ ಬರೆದುಕೊಳ್ಳಬೇಕು. ಬೇರೆಯವರು ಬರೆದರೆ ಅಧ್ಯಕ್ಷರುಗಳ ಪಟ್ಟಿ ಬರೆದು ಕೈ ತೊಳೆದುಕೊಳ್ಳುತ್ತಾರೆ.

ಕಲ್ಲಿನಲ್ಲಿ ಇಲ್ಲದವರು

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ 1905ರಲ್ಲಿ ಅಚ್ಚಾಯಿತು. ಅದು ಪೂರಾ ಕೋಲಾರ ಜಿಲ್ಲೆಯ ಶಾಸನಗಳದ್ದು. ಗಂಗರು, ನೊಳಂಬರು, ಚೋಳರು, ವಿಜಯನಗರದವರು ಎಲ್ಲರೂ ಅದರಲ್ಲಿದ್ದಾರೆ. ಕೆರೆ ಕಟ್ಟಿಸಿದವನ ಹೆಸರಿದೆ, ಅವನ ಅಪ್ಪನ ಹೆಸರಿದೆ, ಅವನಿಗೆ ಸಿಕ್ಕ ಕಟ್ಟುಗೊಡಗೆ ಭೂಮಿಯ ಎಲ್ಲೆಕಟ್ಟು ಇದೆ. ಆ ಏರಿಗೆ ಮಂಕರಿಯಲ್ಲಿ ಮಣ್ಣು ಹೊತ್ತವರು ಯಾರು? ಅವರ ಎಲ್ಲೆಕಟ್ಟು ಯಾವ ಕಲ್ಲಿನಲ್ಲೂ ಇಲ್ಲ.

ನಮ್ಮದು ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ. ಪಾಲಾರ್ ಹೆಸರಿಗೆ ಹೊಳೆ, ವರ್ಷದ ಬಹುಪಾಲು ಮರಳು. ಅದಕ್ಕೇ ಇಲ್ಲಿ ಸಾವಿರಾರು ಕೆರೆಗಳು. ಕೆರೆ ಅಂದಮೇಲೆ ತೂಬು ಎತ್ತೋರು ಬೇಕು, ಕಾಲುವೆ ಕಟ್ಟೆ ಕಾಯೋರು ಬೇಕು, ಮಳೆಗಾಲದ ನಡುರಾತ್ರಿಯಲ್ಲಿ ಏರಿ ಮೇಲೆ ನಡೆದು ಎಲ್ಲಿ ಬಿಲ ಬಿದ್ದಿದೆ, ಎಲ್ಲಿ ನೀರು ಜಿನುಗುತ್ತಿದೆ ಅಂತ ಕಾಲಲ್ಲೇ ನೋಡೋರು ಬೇಕು. ಅವನೇ ನೀರುಗಂಟಿ. ಈ ಸೀಮೆಯಲ್ಲಿ ನೀರುಗಂಟಿಗಳು ಬಹುಪಾಲು ನಮ್ಮವರೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋ ಲೆಕ್ಕ ಅವನ ತಲೆಯಲ್ಲಿ ಇರುತ್ತಿತ್ತು. ಊರಿಗೆಲ್ಲ ನೀರು ಹಂಚಿದ ಆ ಮನುಷ್ಯ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಇಷ್ಟು ಹೊರೆ ಹುಲ್ಲು, ಇಷ್ಟು ಮೊರ ಕಾಳು ಇಸ್ಕೋಬೇಕಿತ್ತು. ಕೊಟ್ಟಷ್ಟು.

ತೋಟಿಯದು ಇನ್ನೂ ಬೇರೆ ಪಾಡು. ತಮಟೆ ಹೊಡೆದು ಸಾರೋದು, ಸತ್ತ ಸುದ್ದಿ ಹೊತ್ತು ಹರದಾರಿಗಟ್ಟಲೆ ನಡೆಯೋದು, ಅಮಲ್ದಾರರು ಬಂದರೆ ಸಾಮಾನು ಹೊರೋದು, ಗಡಿಕಲ್ಲು ತೋರಿಸೋದು, ಸತ್ತ ದನ ಎಳೆಯೋದು. ಇದಕ್ಕೆಲ್ಲ ಪ್ರತಿಯಾಗಿ ಒಂದು ತುಂಡು ಇನಾಮು ಭೂಮಿ. ಇದರ ಮೇಲೆ ಜೀತ ಬೇರೆ. ಅಪ್ಪ ಮದುವೆಗೆ ತಂದ ಸಾಲಕ್ಕೆ ಮಗ ದನ ಕಾಯಬೇಕು.

ಇದನ್ನೆಲ್ಲ ತೆಗೆಯೋಕೆ ಕಾಯಿದೆಗಳು ಬಂದವು. 1961ರಲ್ಲಿ ಗ್ರಾಮ ಹುದ್ದೆಗಳ ರದ್ಧತಿ ಕಾಯಿದೆ. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ. 1976ರಲ್ಲಿ ದೇಶಕ್ಕೆಲ್ಲ ಜೀತ ರದ್ಧತಿ ಕಾಯಿದೆ. 1978ರಲ್ಲಿ ನಮಗೆ ಮಂಜೂರಾದ ಜಮೀನನ್ನು ಬೇರೆಯವರು ಕೊಳ್ಳಬಾರದು ಎನ್ನುವ ಪಿ.ಟಿ.ಸಿ.ಎಲ್. ಕಾಯಿದೆ. ಕಾಯಿದೆ ವಿಧಾನಸೌಧದಲ್ಲಿ ಹುಟ್ಟಿತು, ಆದರೆ ಅದಕ್ಕೆ ಕಾಲಿರಲಿಲ್ಲ. ಮುಳಬಾಗಿಲಿನ ಗಡಿಯ ಒಂದು ಕೇರಿಗೆ ಅದನ್ನು ಹೊತ್ತು ತಂದು, 'ಅಣ್ಣಾ, ಈ ಜಮೀನು ನಿಂದೇ, ಅರ್ಜಿ ಬರೀತೀನಿ, ಹೆಬ್ಬೆಟ್ಟು ಒತ್ತು' ಅಂತ ಹೇಳೋ ಕಾಲುಗಳು ಬೇಕಾಗಿದ್ದವು. ಆ ಕಾಲುಗಳ ಚರಿತ್ರೆಯೇ ಸಂಘದ ಚರಿತ್ರೆ.

ನಮ್ಮ ಪರವಾಗಿ ಬೇರೆಯವರು

ನಮಗಾಗಿ ಸಂಘಗಳು ಮೊದಲೂ ಇದ್ದವು. ಪ್ರಶ್ನೆ ಯಾರು ನಡೆಸುತ್ತಾರೆ ಅನ್ನೋದು. 1932ರಲ್ಲಿ ಗಾಂಧೀಜಿಯವರ ಹರಿಜನ ಸೇವಕ ಸಂಘ ಹುಟ್ಟಿತು. ಅಸ್ಪೃಶ್ಯತೆ ಸವರ್ಣೀಯರ ಪಾಪ, ಪ್ರಾಯಶ್ಚಿತ್ತ ಮಾಡಬೇಕಾದವರು ಅವರೇ, ಆದ್ದರಿಂದ ಸಂಘದ ಆಡಳಿತವೂ ಅವರದೇ ಎಂಬುದು ಗಾಂಧೀಜಿಯವರ ವಾದ. ಬಾಬಾಸಾಹೇಬರು ಇದನ್ನು ಒಪ್ಪಲಿಲ್ಲ, ಅದರಿಂದ ದೂರ ಸರಿದರು. ಅವರ ಪಾಪ ತೊಳೆಯೋಕೆ ನಮ್ಮ ಕೇರಿ ಕಲ್ಯಾಣಿಯಾಗಬೇಕೆ?

ಹಳೆ ಮೈಸೂರಿನಲ್ಲಿ ಸರ್ಕಾರ ಪಂಚಮ ಶಾಲೆ ತೆರೆಯಿತು, ನಮಗೆ ಆದಿಕರ್ನಾಟಕ ಎಂಬ ಹೆಸರು ಕೊಟ್ಟಿತು, ಆಮೇಲೆ ವಿದ್ಯಾರ್ಥಿನಿಲಯಗಳು ಬಂದವು. ಉಪಕಾರವಾಯಿತು, ಇಲ್ಲ ಅನ್ನುವುದಿಲ್ಲ. ಕೋಲಾರ ಸೀಮೆಯ ಟಿ. ಚನ್ನಯ್ಯನವರು ಸಂವಿಧಾನ ಸಭೆಯಲ್ಲಿ ಕೂತಿದ್ದರು. 1952ರ ಮೊದಲ ಲೋಕಸಭೆಗೆ ಇಲ್ಲಿಂದ ದೊಡ್ಡತಿಮ್ಮಯ್ಯನವರು ಹೋದರು. 1954ರಲ್ಲಿ ಬಾಬಾಸಾಹೇಬರು ಚಿನ್ನದ ಗಣಿಯ ಕಾರ್ಮಿಕರ ನಡುವೆ ಬಂದು ಹೋದರು. ಹೀಗೆ ನಮಗೆ ಪ್ರತಿನಿಧಿಗಳು ಇದ್ದರು. ಆದರೆ ಪ್ರತಿನಿಧಿ ದಿಲ್ಲಿಯಲ್ಲಿದ್ದ, ಕೇರಿ ಕೇರಿಯಲ್ಲೇ ಇತ್ತು. ನಡುವೆ ಓಡಾಡುವವರು ಇರಲಿಲ್ಲ. ಚನ್ನಯ್ಯನವರ ಹೆಸರು ಕೋಲಾರ ಪಟ್ಟಣದ ರಂಗಮಂದಿರಕ್ಕಿದೆ. ಆ ರಂಗಮಂದಿರದಲ್ಲಿ ಸಭೆ ನಡೆದಾಗ ಜಮಖಾನ ಹಾಸಿದವರ ಹೆಸರು ಯಾವುದಕ್ಕೂ ಇಲ್ಲ.

ಸಂಚಾಲಕ ಅನ್ನೋ ಮಾತು

1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದ ಒಂದು ಮಾತಿಗೆ ನಾಡೆಲ್ಲ ಕಿಚ್ಚೆದ್ದಿತು. ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರು ಏಟು ತಿಂದರು. ಆ ಏಟಿನಿಂದಲೇ ಅವರು ಒಂದಾದರು. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು, ಮೈಸೂರಿನಲ್ಲಿ ದೇವನೂರ ಮಹಾದೇವ, ಬೆಂಗಳೂರಿನಲ್ಲಿ ಸಿದ್ಧಲಿಂಗಯ್ಯ ಮತ್ತು ಗೆಳೆಯರು. ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು. 'ಪಂಚಮ' ಪತ್ರಿಕೆ ಕೈಯಿಂದ ಕೈಗೆ ಹೋಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯೂ ಬಂತು.

ಸಮಿತಿ ಒಂದು ಪದವನ್ನು ಆರಿಸಿಕೊಂಡಿತು. ಅಧ್ಯಕ್ಷ ಅನ್ನಲಿಲ್ಲ, ಸಂಚಾಲಕ ಅಂತು. ತಾಲ್ಲೂಕು ಸಂಚಾಲಕ, ಜಿಲ್ಲಾ ಸಂಚಾಲಕ, ರಾಜ್ಯ ಸಂಚಾಲಕ. ಅಧ್ಯಕ್ಷ ಅಂದರೆ ಕುರ್ಚಿ ಕಾಣುತ್ತದೆ. ಸಂಚಾಲಕ ಅಂದರೆ ಸಂಚಾರ ಮಾಡುವವನು, ನಡೆಸುವವನು. ಕೋಲಾರ ಜಿಲ್ಲೆಯಲ್ಲಿ ಈ ಮಾತನ್ನು ಅಕ್ಷರಶಃ ತಗೊಂಡರು. ಹಳೇ ಸೈಕಲ್ಲು, ಕೊನೇ ಬಸ್ಸು ತಪ್ಪಿದರೆ ನಡಿಗೆ, ತಂಗಿದ ಕೇರಿಯಲ್ಲಿ ಸಿಕ್ಕ ಮುದ್ದೆ.

ಯಾರಿವರು? ಹಾಸ್ಟೆಲಿನಲ್ಲಿ ಓದಿದ ಮೊದಲ ತಲೆಮಾರಿನ ಹುಡುಗರು. ಪ್ರೈಮರಿ ಶಾಲೆ ಮೇಷ್ಟ್ರುಗಳು, ಸಣ್ಣಪುಟ್ಟ ಸರ್ಕಾರಿ ನೌಕರಿಯಲ್ಲಿದ್ದು ಮೇಲಿನವರ ಕಣ್ಣು ತಪ್ಪಿಸಿ ಬರುತ್ತಿದ್ದವರು. ಮಾಲೂರಿನ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳ ಕೂಲಿಗಳು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಸುಗ್ಗಿಗೆ ಕಾಯಿ ಕೀಳಿ, ಸುಗ್ಗಿ ಮುಗಿದ ಮೇಲೆ ಕೆಲಸ ಹುಡುಕೋರು. ಇವರಲ್ಲಿ ಕೆಲವರು ಹಾಡುಗಾರರಾದರು, ಕೆಲವರು ಬರಹಗಾರರಾದರು. ಕೋಟಿಗಾನಹಳ್ಳಿ ರಾಮಯ್ಯ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್, ವಿ. ಮುನಿವೆಂಕಟಪ್ಪ ಇವರೆಲ್ಲ ನಾಡಿಗೆ ಗೊತ್ತಾದ ಹೆಸರುಗಳು. ತೆಲುಗು ಮನೆಮಾತಿನ ಕೇರಿಗಳೇ ಹೆಚ್ಚಿರುವ ಕಡೆ ಹಾಡು ಎರಡೂ ಭಾಷೆಯಲ್ಲಿ ಓಡಾಡಿತು. ಸಾವಿಗೆ, ಜಾತ್ರೆಗೆ, ಧಣಿ ಕರೆದಾಗ ಹೊಡೆಯುತ್ತಿದ್ದ ತಮಟೆ ಸಭೆಯ ಮುಂದೆ ಬಂತು. ಅದೇ ಚರ್ಮ, ಅದೇ ಕೈ. ಯಾರ ಅಪ್ಪಣೆ ಮೇಲೆ ಹೊಡೆಯೋದು ಅನ್ನೋದು ಬದಲಾಯಿತು.

ಹೆಂಗಸರನ್ನು ಇಲ್ಲಿ ಹೇಳಲೇಬೇಕು. ಕರಪತ್ರದಲ್ಲಿ ಗಂಡಸರ ಹೆಸರು ಸಾಲುಸಾಲಾಗಿ ಅಚ್ಚಾಗುತ್ತಿತ್ತು. ಇಪ್ಪತ್ತು ಜನ ಸಂಚಾಲಕರು ಕೇರಿಗೆ ಬಂದರೆ ಇಪ್ಪತ್ತು ಜನಕ್ಕೆ ಮುದ್ದೆ ತೊಳಸಿದವರು ಯಾರು? ಸೇರು ರಾಗಿ ಮಾತ್ರ ಇದ್ದ ಮನೆಯಲ್ಲಿ ಪಕ್ಕದ ಮನೆಯಿಂದ ಕಡ ತಂದು ಬೇಯಿಸಿದವರು ಯಾರು? ಗಂಡ ಜೈಲಿಗೆ ಹೋದ ವಾರವೆಲ್ಲ ಕೂಲಿಗೆ ಹೋಗಿ ಮಕ್ಕಳನ್ನು ಸಾಕಿದವರು ಯಾರು? ಮನೆಯೊಳಗಿನ ಬಿಟ್ಟಿಯನ್ನು ನಮ್ಮ ಸಂಘಗಳೂ ಸೇವೆ ಅಂತಲೇ ಕರೆದವು. ಊರಿನವರು ನಮಗೆ ಮಾಡಿದ್ದನ್ನು ನಾವು ನಮ್ಮ ಅವ್ವಂದಿರಿಗೆ ಮಾಡಿದೆವು.

ಹುಣಸಿಕೋಟೆಯಿಂದ ಕಂಬಾಲಪಲ್ಲಿಗೆ

ಎಪ್ಪತ್ತರ ದಶಕದ ಕೊನೆಗೆ ಮಾಲೂರು ತಾಲ್ಲೂಕಿನ ಹುಣಸಿಕೋಟೆಯಲ್ಲಿ ದಲಿತನೊಬ್ಬನ ಕೊಲೆಯಾಯಿತು. ಆ ಮನೆಯ ಹೆಣ್ಣುಮಗಳ ಮೇಲೆ ಅತ್ಯಾಚಾರವಾಯಿತು. ಅದುವರೆಗೆ ಇಂಥ ಸುದ್ದಿ ಕೇರಿಯಲ್ಲೇ ಹುಟ್ಟಿ ಕೇರಿಯಲ್ಲೇ ಹೂತುಹೋಗುತ್ತಿತ್ತು. ದಸಂಸ ಅದನ್ನು ಬೆಂಗಳೂರಿನ ತನಕ ಜಾಥಾ ಒಯ್ದಿತು. ದಾರಿಯಲ್ಲಿ ಸಿಕ್ಕ ಊರುಗಳು ನೋಡಿದವು: ತಲೆ ತಗ್ಗಿಸಿ ನಡೆಯುತ್ತಿದ್ದವರು ರಸ್ತೆಯ ನಡುವೆ ಕೂಗುತ್ತಾ ಹೋಗುತ್ತಿದ್ದಾರೆ. ಗೌರಿಬಿದನೂರು ತಾಲ್ಲೂಕಿನ ನಾಗಸಂದ್ರದ ಭೂಮಿ ಹೋರಾಟವೂ ಆಗಿನ ಕೋಲಾರ ಜಿಲ್ಲೆಯದೇ. ಹೆಂಡದ ಅಂಗಡಿ ಬೇಡ, ಮಕ್ಕಳಿಗೆ ವಸತಿ ಶಾಲೆ ಕೊಡಿ ಅಂತ ಸಮಿತಿ ಕೇಳಿದ್ದನ್ನೂ ನಮ್ಮ ಹೆಂಗಸರು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡರು.

ಆಮೇಲೆ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ಚಿಂತಾಮಣಿ ಆಗ ಕೋಲಾರ ಜಿಲ್ಲೆಗೇ ಸೇರಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಮಂತ್ರಿಗಳು ಬಂದರು, ನಾಯಕರು ಬಂದರು, ನಾಡೆಲ್ಲ ಕೂಗಿತು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 7 ಜನ ಸುಟ್ಟುಹೋದರು, ಸುಟ್ಟವರು ಯಾರೂ ಇಲ್ಲ!

ಸಂಘ ಕಟ್ಟುವವರು ಈ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಜಾಥಾಕ್ಕೆ ಸಾವಿರ ಜನ ಬರುತ್ತಾರೆ, ಅದು ಒಂದು ವಾರದ ಕೆಲಸ. ಸಾಕ್ಷಿ ಹೇಳಬೇಕಾದವನ ಮನೆಯ ಪಕ್ಕದಲ್ಲಿ ಇರಬೇಕಾದದ್ದು ಆರು ವರ್ಷದ ಕೆಲಸ. ಅವನಿಗೆ ಕೂಲಿ ಕೊಡೋನು ಯಾರು, ಸಾಲ ಕೊಟ್ಟೋನು ಯಾರು, ರಾತ್ರಿ ಬಾಗಿಲು ತಟ್ಟೋನು ಯಾರು ಅನ್ನೋದನ್ನು ತಿಳಿದು, ವಾಯಿದೆ ದಿನ ಅವನ ಜೊತೆ ಬಸ್ಸು ಹತ್ತಿ, ಕೋರ್ಟಿನ ಮುಂದೆ ಟೀ ಕುಡಿಸಿ, ವಾಪಸ್ಸು ಮನೆಗೆ ಬಿಡಬೇಕು. ಈ ಕೆಲಸಕ್ಕೆ ಭಾಷಣ ಬೇಕಾಗಿಲ್ಲ, ಮೈಕು ಬೇಕಾಗಿಲ್ಲ. ಆದ್ದರಿಂದಲೇ ಇದಕ್ಕೆ ಜನ ಕಡಿಮೆ. ಕಾಯಿದೆ ಸೋತದ್ದು ಸರ್ಕಾರದ ತಪ್ಪು, ಪೊಲೀಸರ ತಪ್ಪು, ಸಂಶಯವಿಲ್ಲ. ಸಾಕ್ಷಿ ಒಂಟಿಯಾದದ್ದರ ಲೆಕ್ಕವನ್ನು ಎಲ್ಲ ಸಂಘಟನೆಗಳೂ ಕೊಡಬೇಕು.

ಲೆಟರ್‌ಹೆಡ್ಡು ಮತ್ತು ಜೀಪು

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಂಘಟನೆಯಲ್ಲಿ ಬಿರುಕು. ಚುನಾವಣೆಗೆ ಇಳಿಯಬೇಕೆ, ಬೇಡವೆ, ಯಾವ ಪಕ್ಷ, ಯಾರು ಮುಂದೆ. ಒಂದು ಸಮಿತಿ ಹಲವಾಯಿತು. ಪ್ರತಿಯೊಂದಕ್ಕೂ ಒಂದು ಲೆಟರ್‌ಹೆಡ್ಡು, ಒಂದು ರಬ್ಬರ್ ಸ್ಟಾಂಪು. ಸಂಚಾಲಕ ಹೋಗಿ ಅಧ್ಯಕ್ಷ ಬಂದ, ಅಧ್ಯಕ್ಷನ ಹಿಂದೆ ಗೌರವಾಧ್ಯಕ್ಷ ಬಂದ. ಹೊಲೆಯರ ಸಂಘ, ಮಾದಿಗರ ಸಂಘ ಬೇರೆಬೇರೆಯಾದವು. ಒಳಮೀಸಲಾತಿಯ ನ್ಯಾಯ ಬೇರೆ ಮಾತು, ಅದನ್ನು ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ಎತ್ತಿಹಿಡಿದಿದೆ. ಪಾಲು ಬೇರೆ ಮಾಡಿಕೊಳ್ಳೋದು ಸರಿ. ಏಟು ಬಿದ್ದಾಗ ಬೇರೆಬೇರೆ ನಿಲ್ಲೋದು ಯಾವ ನ್ಯಾಯ?

ಇನ್ನೊಂದು ಕಡೆಯಿಂದ ಸ್ವಯಂಸೇವಾ ಸಂಸ್ಥೆಗಳು ಬಂದವು. 1960ರ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಜನ ಸೇರಿ ಸಹಿ ಹಾಕಿದರೆ ಒಂದು ಸಂಘ. ಏಳು ಜನ ಯಾರು ಅನ್ನೋದರಲ್ಲೇ ಎಲ್ಲ ಇದೆ. ಜೀಪು ಬಂತು, ಪ್ರಾಜೆಕ್ಟು ಬಂತು, ವರದಿ ಬಂತು. ಒಳ್ಳೆಯದೂ ಆಯಿತು. ಮುಳಬಾಗಿಲು ತಾಲ್ಲೂಕಿನಲ್ಲಿ ಗ್ರಾಮ ವಿಕಾಸದಂಥ ಸಂಸ್ಥೆಯ ಜೊತೆ ಹೆಂಗಸರ ಸಂಘಗಳು ಬೆಳೆದವು. ಹೆಬ್ಬೆಟ್ಟಿನ ಹೆಂಗಸರು ಉಳಿತಾಯದ ಲೆಕ್ಕ ಇಟ್ಟರು, ಕೆರೆ ಹೂಳಿನ ಮಾತಾಡಿದರು, ಬ್ಯಾಂಕಿನ ಮ್ಯಾನೇಜರ ಎದುರು ಕುರ್ಚಿಯಲ್ಲಿ ಕೂತರು. ಕುರ್ಚಿಯಲ್ಲಿ ಕೂತರು ಅನ್ನೋದು ಸಣ್ಣ ಸಂಗತಿಯಲ್ಲ.

ಕೆರೆಗಳ ವಿಷಯಕ್ಕೆ ಬಂದರೆ ಹಳೇ ಕಥೆ ಹೊಸ ಬಟ್ಟೆಯಲ್ಲಿ ಕಾಣುತ್ತದೆ. 2002ರಿಂದ ವಿಶ್ವಬ್ಯಾಂಕಿನ ಸಾಲದಲ್ಲಿ ಜಲಸಂವರ್ಧನೆ ಯೋಜನೆ ಬಂತು. ಊರೂರಲ್ಲಿ ಕೆರೆ ಬಳಕೆದಾರರ ಸಂಘ. ಊರಿನ ವಂತಿಕೆ ಕಟ್ಟಬೇಕು, ದುಡ್ಡಿಲ್ಲದವರು ಶ್ರಮದಾನ ಮಾಡಬೇಕು. ಅಚ್ಚುಕಟ್ಟಿನಲ್ಲಿ ಗದ್ದೆ ಇರೋನು ದುಡ್ಡು ಕೊಟ್ಟ, ಗದ್ದೆ ಇಲ್ಲದೋನು ಮೈ ಕೊಟ್ಟ. ನೀರು ಬಂದದ್ದು ಯಾರ ಗದ್ದೆಗೆ? ಶ್ರಮ ಇದ್ದವನು ದಾನ ಮಾಡುತ್ತಾನೆ ಅಂದರೆ ದಾನ ಪಡೆಯುವವನು ಭೂಮಾಲೀಕ ಅಂತಲೇ ಅರ್ಥ. 2018ರಲ್ಲಿ ಕೆ.ಸಿ. ವ್ಯಾಲಿಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಯಿತು. ಬತ್ತಿದ ಕೆರೆಯಲ್ಲಿ ನೀರು ನಿಂತದ್ದು ನೋಡಿ ನಮಗೂ ಸಂತೋಷವೇ. ಆದರೆ ಕೆರೆ ತುಂಬಿದ ಮೇಲೆ ಬಾಗಿನ ಬಿಡೋರು ಶಾಸಕರು, ಮಂತ್ರಿಗಳು. ತಲೆತಲಾಂತರ ತೂಬು ಕಾದ ನೀರುಗಂಟಿಯ ಮೊಮ್ಮಗ ಏರಿ ಮೇಲೆ ನಿಂತು ನೋಡುತ್ತಾನೆ.

ದಿನಕ್ಕೊಂದು ರೂಪಾಯಿ

ಬೇರೆ ದಾರಿಯೂ ಇದೆ, ಅದನ್ನೂ ಈ ಸೀಮೆಯೇ ತೋರಿಸಿದೆ. ಈ ಶತಮಾನದ ಮೊದಲ ದಶಕದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕೋಲಾರದ ಬೆಟ್ಟದ ಮೇಲೆ, ತೇರಹಳ್ಳಿಯ ಕಡೆ, ಆದಿಮ ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಬಂಡವಾಳ ಎಲ್ಲಿಂದ? ದಿನಕ್ಕೊಂದು ರೂಪಾಯಿ ಎತ್ತಿಡೋದು. ಒಂದು ರೂಪಾಯಿ ಕೂಲಿಯವನೂ ಕೊಡಬಲ್ಲ, ಮೇಷ್ಟ್ರೂ ಕೊಡಬಲ್ಲ. ಸಾವಿರ ಕೊಟ್ಟವನು ವೇದಿಕೆ ಕೇಳುತ್ತಾನೆ; ಎಲ್ಲರೂ ಒಂದೊಂದೇ ಕೊಟ್ಟ ಕಡೆ ವೇದಿಕೆ ಯಾರ ಸ್ವತ್ತೂ ಆಗುವುದಿಲ್ಲ. ಹುಣ್ಣಿಮೆ ಹುಣ್ಣಿಮೆಗೆ ಅಲ್ಲಿ ಹಾಡು, ನಾಟಕ, ಮಕ್ಕಳ ಶಿಬಿರ ನಡೆದವು. ದೀಪಕ್ಕೆ ಚಂದ್ರನಿದ್ದ.

ಅರಿವು ಭಾರತದ ಗೆಳೆಯರು 'ಗೃಹ ಪ್ರವೇಶ' ಅಂತ ಇನ್ನೊಂದು ಕೆಲಸ ಹಿಡಿದರು. ಕೇರಿಯವರನ್ನು ಊರೊಳಗಿನ ಮನೆಗೆ ಕರೆದೊಯ್ಯೋದು, ಮನೆಯವರು ಒಳಗೆ ಕರೆದು ಕೂರಿಸಿ ನೀರು, ಊಟ ಕೊಡೋದು. ಇದರಿಂದ ಭೂಮಿ ಹಂಚಿಕೆಯಾಗುತ್ತದೆಯೆ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಆದರೆ ಹೊಸ್ತಿಲು ದಾಟಿದ ಕಾಲು ಕೋರ್ಟಿನ ಮೆಟ್ಟಿಲು ಹತ್ತೋಕೆ ಅಷ್ಟು ಹೆದರುವುದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ದಲಿತ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ. ಊರಿನವರು ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಅಂದರು. ಅಂಬೇಡ್ಕರ್ ಸೇವಾ ಸಮಿತಿಯವರು, ದಲಿತ ಸಂಘಟನೆಗಳವರು ಆ ಮನೆಗೆ ಹೋಗಿ ನಿಂತರು. ಕೇಸಾಯಿತು. ಆ ಮನೆಯವರು ದೇವರ ಪಟ ತೆಗೆದು ಬಾಬಾಸಾಹೇಬರ ಪಟ ಹಾಕಿದರು. ಮರುವರ್ಷ, 2023ರ ಡಿಸೆಂಬರಿನಲ್ಲಿ, ಅದೇ ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ನಾವು ಬೀದಿಗಿಳಿದು ಕೇಳಿದ್ದ ವಸತಿ ಶಾಲೆಯೊಳಗೆ ಬಿಟ್ಟಿ ಚಾಕರಿ ಹೊಕ್ಕಿತ್ತು.

ಗೌರವಧನವೆಂಬ ಹೊಸ ಬಿಟ್ಟಿ

ಸರ್ಕಾರವೂ ಈಗ ಸೇವೆಯ ಮಾತಾಡುತ್ತದೆ. 1975ರಲ್ಲಿ ಅಂಗನವಾಡಿ ಬಂತು, 2005ರಿಂದ ಆಶಾ ಬಂತು. ನಮ್ಮ ಕೇರಿಗಳ ಎಷ್ಟೋ ಹೆಣ್ಣುಮಕ್ಕಳು ಈ ಕೆಲಸಗಳಲ್ಲಿದ್ದಾರೆ. ಬಸುರಿಯ ಜೊತೆ ರಾತ್ರಿ ಆಸ್ಪತ್ರೆಗೆ ಹೋಗೋರು ಇವರೇ, ಕೊರೋನಾ ಕಾಲದಲ್ಲಿ ಮನೆಮನೆ ತಟ್ಟಿದೋರೂ ಇವರೇ. ಸಂಬಳ ಕೇಳಿದರೆ, ನೀವು ಸ್ವಯಂಸೇವಕಿಯರು, ನಿಮಗೆ ಗೌರವಧನ ಅನ್ನುತ್ತಾರೆ. ಕರ್ನಾಟಕ ಸರ್ಕಾರವೇ ಹೋದ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಅಂದಿತು. 2022ರಲ್ಲಿ ಅವರಿಗೆ ಗ್ರಾಚ್ಯುಟಿ ಕೊಡಬೇಕು ಅಂದಿತು. ನಡುವೆ 16 ವರ್ಷ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತರು. ತಮ್ಮದು ಕೆಲಸ ಅಂತ ಒಪ್ಪಿಸೋಕೆ ಕೂತರು. ಹಿಂದೆ ಕಣದ ಅಂಚಿನಲ್ಲಿ ನಿಂತವನಿಗೆ 'ಕೊಟ್ಟಷ್ಟು ಇಸ್ಕೋ' ಅಂದ ದನಿಯೇ ಇದು.

ಈಗ ಮಾಡಬೇಕಾದದ್ದು

ಗೆಳೆಯರೆ, ಇಷ್ಟನ್ನು ಹೇಳಿದ್ದು ಸಂಘ ಸತ್ತಿತು ಅಂತ ಅಳೋದಕ್ಕಲ್ಲ. ಇವತ್ತೂ ತಾಲ್ಲೂಕು ಕಚೇರಿ ಮುಂದೆ ಬಗರ್ ಹುಕುಂ ಅರ್ಜಿ ಬರೆದುಕೊಡುವ ಹುಡುಗರಿದ್ದಾರೆ. ಫಾರಂ 50, ಫಾರಂ 53, ಆಮೇಲೆ ಫಾರಂ 57, ಇವನ್ನೆಲ್ಲ ಬಾಯಿಪಾಠ ಮಾಡಿದವರಿದ್ದಾರೆ. ಸ್ವಂತ ಬಸ್‌ಚಾರ್ಜು ಹಾಕಿ ಆಸ್ಪತ್ರೆಗೆ, ಠಾಣೆಗೆ, ಹಾಸ್ಟೆಲಿಗೆ ಓಡುವವರಿದ್ದಾರೆ. ಅವರಿಗಾಗಿ ನಾವು ನಾಲ್ಕು ಮಾತು ಹೇಳುತ್ತೇವೆ.

ಸಂಘದ ಲೆಕ್ಕವನ್ನು ಕೇರಿಯ ನಡುವೆ ಗಟ್ಟಿಯಾಗಿ ಓದಬೇಕು. ಲೆಕ್ಕ ಕೇಳಿದವನನ್ನು ದ್ರೋಹಿ ಅನ್ನಬಾರದು. ಮುಂದೆ ನಿಲ್ಲುವವರು ಬದಲಾಗುತ್ತಿರಬೇಕು, ಒಬ್ಬನೇ ಇಪ್ಪತ್ತು ವರ್ಷ ನಿಂತರೆ ಅದು ಪಟೇಲಿಕೆ. ಹೆಣ್ಣುಮಕ್ಕಳು ಸಂಚಾಲಕಿಯರಾಗಬೇಕು, ಅವರ ಸಭೆಯ ದಿನ ಗಂಡಸರು ಮುದ್ದೆ ತೊಳಸಬೇಕು. ಕೂಲಿ ಬಿಟ್ಟು ಸಂಘಕ್ಕೆ ಬಂದವನಿಗೆ ಆ ದಿನದ ಕೂಲಿಯನ್ನು ಸಂಘವೇ ಕಟ್ಟಿಕೊಡಬೇಕು. ನೌಕರಿ ಇರೋನು ಪುಕ್ಕಟೆ ದುಡಿಯಬಹುದು, ಅವನ ಅನ್ನ ತಿಂಗಳ ಕೊನೆಗೆ ಬರುತ್ತದೆ. ಕೂಲಿಯವನನ್ನು ಪುಕ್ಕಟೆ ದುಡಿಸಿದರೆ ನಾವೂ ಧಣಿಗಳೇ.

ಕಡೆಯದಾಗಿ, ಪ್ರತಿ ಕೇರಿಯೂ ಒಂದು ನೋಟುಬುಕ್ಕು ಇಡಲಿ. ನೀರುಗಂಟಿಗಳ ಹೆಸರು, ತೋಟಿಗಳ ಹೆಸರು, ಗೋಡೆ ಬರಹ ಬರೆದವರ, ತಮಟೆ ಕಾಯಿಸಿದವರ, ಸಾಕ್ಷಿಯ ಜೊತೆ ಬಸ್ಸು ಹತ್ತಿದವರ, ಮುದ್ದೆ ತೊಳಸಿದವರ ಹೆಸರು ಅದರಲ್ಲಿ ಬರೆಯಲಿ. ಬದುಕಿರುವ ಮುದುಕರನ್ನೂ ಮುದುಕಿಯರನ್ನೂ ಈ ವರ್ಷವೇ ಕೂರಿಸಿ ಕೇಳಬೇಕು, ಮುಂದಿನ ವರ್ಷಕ್ಕೆ ಅವರು ಇರುತ್ತಾರೋ ಇಲ್ಲವೋ. ಕಲ್ಲು ನಮ್ಮ ಕೈಯಲ್ಲಿ ಇರಲಿಲ್ಲ. ಕಾಗದ ಈಗ ಇದೆ.